ಹರ್ನಿಯಾ ಎಂದು ಹೇಳಿ ಮಾಡಿಸಿಕೊಂಡ ಹೊಟ್ಟೆಯ ಶಸ್ತ್ರಚಿಕಿತ್ಸೆ

ಶಸ್ತ್ರಚಿಕಿತ್ಸೆಯಾದ 14ನೇ ದಿನ ವೈದ್ಯರು ನನ್ನ ಹೊಟ್ಟೆಯ ಚರ್ಮದಡಿಯಿಂದ ಸೂಜಿಯಲ್ಲಿ ಎಳೆದು ತೆಗೆದ ತೆಳು ಹಳದಿ ನೀರು 180 ಮಿಲಿಲೀಟರ್ ಇತ್ತು. ನಾಲ್ಕು ದಿನ ಬಿಟ್ಟು ಮತ್ತೆ 150, ಅದಾದ ಮೇಲೆ 110. ಹೀಗೆ ಐದು ಸಲ ಚುಚ್ಚಿಸಿಕೊಂಡ ಮೇಲೆ ಅದು ನಿಂತಿತು. ಇದಕ್ಕೆ ಸೀರೋಮಾ ಎನ್ನುತ್ತಾರೆ. ಹೊಟ್ಟೆಯ ಚರ್ಮವನ್ನು ಬಿಡಿಸಿ, ಹೆಚ್ಚಾದದ್ದನ್ನು ಕತ್ತರಿಸಿ, ಮತ್ತೆ ಕೂಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಇದು ಅಪರೂಪದ ತೊಡಕೇನಲ್ಲ. ಎಲ್ಲವನ್ನೂ ಸರಿಯಾಗಿ ಪಾಲಿಸಿದವರಿಗೂ ಆಗುವುದುಂಟು. ಆದರೆ ನನ್ನ ವಿಷಯದಲ್ಲಿ ಅದನ್ನು ನಾನೇ ಕರೆದು ಕೂರಿಸಿಕೊಂಡೆ ಎಂಬ ಅನುಮಾನ ಬಲವಾಗಿದೆ. ಏಕೆಂದರೆ ಇದರ ಸುತ್ತ ನಾನು ಒಂದಲ್ಲ, ಹಲವು ಸುಳ್ಳು ಹೇಳಿದ್ದೆ.

ಎರಡು ಹೆರಿಗೆಗಳ ನಂತರ ನನ್ನ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಕಡೆಗೆ ಸರಿದಿದ್ದವು, ಹೊಕ್ಕುಳಿನ ಕೆಳಗೆ ಚರ್ಮ ಜೋತುಬಿದ್ದಿತ್ತು. ವ್ಯಾಯಾಮದಿಂದ ಕೊಬ್ಬು ಕರಗೀತೇ ಹೊರತು ಸಡಿಲಗೊಂಡ ಚರ್ಮ ಹಿಂದಕ್ಕೆ ಹೋಗುವುದಿಲ್ಲ ಎಂಬುದನ್ನು ಮೂರು ವರ್ಷ ಬೆವರು ಸುರಿಸಿ ತಿಳಿದುಕೊಂಡೆ. ಆದ್ದರಿಂದ ಸ್ನಾಯು ಹೊಲಿದು ಹೊಟ್ಟೆ ಬಿಗಿಗೊಳಿಸುವ ಟಮ್ಮಿ ಟಕ್, ಜೊತೆಗೆ ಸೊಂಟದ ಎರಡೂ ಬದಿಗೆ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಎಂದು ನಿರ್ಧರಿಸಿದೆ. ಈ ಆಸೆಯ ಬಗ್ಗೆ ನನಗೆ ಇಂದಿಗೂ ನಾಚಿಕೆಯಿಲ್ಲ. ಆಗ ಇತ್ತು, ಅದೇ ತೊಂದರೆಯಾಯಿತು. ಗಂಡನೊಬ್ಬರನ್ನು ಬಿಟ್ಟು ಮನೆಯವರಿಗೆ, ಕಚೇರಿಯವರಿಗೆ ಎಲ್ಲರಿಗೂ ಹರ್ನಿಯಾ ಆಪರೇಷನ್ ಎಂದು ಹೇಳಿಬಿಟ್ಟೆ. ಹರ್ನಿಯಾ ಎಂದ ಕೂಡಲೇ ಜನರ ಮನಸ್ಸಿನಲ್ಲಿ ಒಂದು ವಾರದ ಲೆಕ್ಕವಿರುತ್ತದೆ. ನನ್ನ ದೇಹಕ್ಕೆ ಬೇಕಾಗಿದ್ದದ್ದು ಆರು ವಾರ. ಸುಳ್ಳಿಗೆ ತಕ್ಕ ರಜೆ ಹಾಕಿದೆನೇ ಹೊರತು ಗಾಯಕ್ಕೆ ತಕ್ಕ ರಜೆ ಹಾಕಲಿಲ್ಲ.

ಚಿಕಿತ್ಸಾಲಯದ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನೊಡನೆ ಒಂದು ಗಂಟೆ ಮಾತಾಡಿದವರು ವೈದ್ಯರಲ್ಲ, ಸಮಾಲೋಚಕಿ ಎಂಬ ಹುದ್ದೆಯಲ್ಲಿದ್ದ ಮಾರಾಟದವರು. ಅವರು ತೋರಿಸಿದ ಚಿತ್ರಗಳೆಲ್ಲ ಆರು ತಿಂಗಳು, ಒಂದು ವರ್ಷ ಕಳೆದ ಮೇಲಿನವು. ಎರಡನೇ ವಾರದ ಚಿತ್ರ ಒಂದೂ ಇರಲಿಲ್ಲ. ಶಸ್ತ್ರವೈದ್ಯರು ಹತ್ತು ನಿಮಿಷ ಬಂದು ಚರ್ಮ ಚಿವುಟಿ ನೋಡಿ ಹೋದರು. ಅರಿವಳಿಕೆ ಕೊಡುವವರು ಯಾರು, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಫೋನ್ ಎತ್ತುವವರು ಯಾರು, ಸ್ಥಿತಿ ಬಿಗಡಾಯಿಸಿದರೆ ಯಾವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಗಾಯದ ಗೆರೆ ಒಳ ಉಡುಪಿನಲ್ಲಿ ಮುಚ್ಚುತ್ತದೆಯೇ ಎಂದು ಮಾತ್ರ ಎರಡೆರಡು ಸಲ ಕೇಳಿದೆ.

ಆಮೇಲೆ ಅರ್ಜಿ ಬಂತು. ನಿತ್ಯ ತೆಗೆದುಕೊಳ್ಳುವ ಔಷಧಿಗಳು ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದೆ. ನಿಜದಲ್ಲಿ ತಲೆನೋವಿಗೆ ವಾರಕ್ಕೆರಡು ಸಲವಾದರೂ ಆಸ್ಪಿರಿನ್ ನುಂಗುತ್ತಿದ್ದೆ, ಕೂದಲಿಗೆಂದು ಮೀನೆಣ್ಣೆ ಮತ್ತು ವಿಟಮಿನ್ ಇ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ನಡೆಯುತ್ತಿತ್ತು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆದು ರಕ್ತಸ್ರಾವ ಹೆಚ್ಚಿಸುತ್ತದೆ, ಮೀನೆಣ್ಣೆ ಮತ್ತು ವಿಟಮಿನ್ ಇ ಕೂಡ ಹಾಗೆ ಮಾಡಬಹುದೆಂದು ಶಸ್ತ್ರವೈದ್ಯರು ಮೊದಲೇ ನಿಲ್ಲಿಸಲು ಹೇಳುತ್ತಾರೆ. ಈಸ್ಟ್ರೋಜನ್ ಇದಕ್ಕೆ ತದ್ವಿರುದ್ಧವಾಗಿ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಏರಿಸುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದು ಔಷಧಿಯಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಬರೆಯುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಕೂಡ ಅನ್ನಿಸಲಿಲ್ಲ. ಹಾಗೆಂದು ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು; ಹೃದಯದ ಕಾರಣಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ನಿಲ್ಲಿಸುವುದೇ ಅಪಾಯವಾಗಬಹುದು. ಎಲ್ಲವನ್ನೂ ಬರೆದುಕೊಡಿ, ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಹೇಳಲಿ. ಧೂಮಪಾನ ಮಾಡುವವರಿಗಂತೂ ನಾಲ್ಕು ವಾರ ಮೊದಲೇ, ನಂತರವೂ ಅಷ್ಟೇ ಕಾಲ ಬಿಡಲು ಹೇಳುತ್ತಾರೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಎಳೆದು ಹೊಲಿದ ಚರ್ಮದ ಅಂಚು ಸತ್ತು ಕಪ್ಪಾಗಬಹುದು, ಸಿಗರೇಟಿನ ಬದಲು ನಿಕೋಟಿನ್ ಗಮ್ ಅಗಿದರೂ ನಾಳ ಕುಗ್ಗುವುದು ತಪ್ಪುವುದಿಲ್ಲ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ಅಂದಿನ ರಾತ್ರಿಯದು ಮಾತ್ರ ಹೇಳಬೇಕು. ಎಚ್ಚರವಾದಾಗ ಬೆನ್ನಿನ ಕೆಳಗೆ ತಣ್ಣಗೆ ಒದ್ದೆಯಾಗಿತ್ತು. ದೀಪ ಹಾಕಿದರೆ ಹಾಸಿಗೆಯ ಮೇಲೆ ಎರಡು ಅಂಗೈಯಗಲ ಗುಲಾಬಿ ಬಣ್ಣದ ಕಲೆ. ರಕ್ತ ಸೋರಿ ಸಾಯುತ್ತಿದ್ದೇನೆ ಎಂದುಕೊಂಡೆ. ಲೈಪೊಸಕ್ಷನ್‌ಗೆ ಮೊದಲು ಕೊಬ್ಬಿನೊಳಗೆ ಲವಣದ ನೀರು, ನೋವು ತಿಳಿಯದಂತೆ ಮಾಡುವ ಲಿಡೊಕೇನ್ ಮತ್ತು ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ ದ್ರವವನ್ನು ತುಂಬುತ್ತಾರೆ. ಉಳಿದದ್ದು ಸ್ವಲ್ಪ ರಕ್ತದೊಡನೆ ಬೆರೆತು ಒಂದೆರಡು ದಿನ ಕೊಬ್ಬು ಹೀರಲು ಮಾಡಿದ ಸಣ್ಣ ತೂತುಗಳಿಂದ ಹೊರಗೆ ಹರಿಯುತ್ತದೆ. ಹಾಸಿಗೆಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ ಎಂಬ ಒಂದೇ ಮಾತು ಆ ರಾತ್ರಿಯನ್ನು ಉಳಿಸುತ್ತಿತ್ತು.

ಮನೆಗೆ ಬರುವಾಗ ಹೊಟ್ಟೆಯ ಕೆಳಭಾಗದಿಂದ ಎರಡು ಡ್ರೇನ್ ಕೊಳವೆಗಳು ಹೊರಬಂದಿದ್ದವು, ತುದಿಯಲ್ಲಿ ಒಂದೊಂದು ಮೆತ್ತನೆಯ ಬುಡ್ಡಿ. ಬುಡ್ಡಿಯನ್ನು ಖಾಲಿ ಮಾಡಿ, ಹಿಸುಕಿ ಗಾಳಿ ತೆಗೆದು, ಹಿಸುಕಿ ಹಿಡಿದಂತೆಯೇ ಮುಚ್ಚಳ ಹಾಕಬೇಕು. ಬುಡ್ಡಿ ಉಬ್ಬಲು ಯತ್ನಿಸುವ ಸೆಳೆತವೇ ಒಳಗಿನ ದ್ರವವನ್ನು ಎಳೆಯುತ್ತದೆ. ಪ್ರತಿದಿನ ಎಷ್ಟು ಬಂತೆಂದು ಬರೆದಿಡಬೇಕು. ಒಂದೊಂದು ಕೊಳವೆಯಲ್ಲಿ 24 ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ತೆಗೆಯುತ್ತೇವೆ ಎಂದು ದಾದಿ ಹೇಳಿದ್ದರು. 7ನೇ ದಿನ ಎಡಗಡೆಯದರಲ್ಲಿ 60 ಬಂದಿತ್ತು. ಮರುದಿನ ನೆಂಟರು ಬರುವವರಿದ್ದರು. ಹರ್ನಿಯಾಕ್ಕೆ ಎರಡೆರಡು ಕೊಳವೆ ಏಕೆ ಎಂದು ಯಾರಾದರೂ ಕೇಳಿಯಾರೆಂಬ ಭಯಕ್ಕೆ ಪುಸ್ತಕದಲ್ಲಿ 25 ಎಂದು ಬರೆದೆ, ಮರುದಿನ ಬೆಳಿಗ್ಗೆ 20 ಎಂದು ಬರೆದೆ. ಅವರು ನಂಬಿದರು, ಕೊಳವೆ ತೆಗೆದರು. ದಿನಕ್ಕೆ 60 ಮಿಲಿಲೀಟರ್ ಹೊರಬರುತ್ತಿದ್ದ ನೀರಿಗೆ ಇನ್ನು ಒಳಗೇ ಉಳಿಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ.

10ನೇ ದಿನ ಕಚೇರಿಗೆ ಹೋದೆ. ಸ್ನಾಯು ಹೊಲಿದವರು ಮೊದಲ ವಾರ, ಕೆಲವರು ಇನ್ನೂ ಹೆಚ್ಚು ದಿನ, ಸೊಂಟ ಬಾಗಿಸಿಯೇ ನಡೆಯಬೇಕು, ಮಲಗುವಾಗ ಬೆನ್ನಿನ ಹಿಂದೆಯೂ ಮೊಣಕಾಲಿನ ಕೆಳಗೆಯೂ ದಿಂಬಿಟ್ಟುಕೊಳ್ಳಬೇಕು. ನಾನು ಹಲ್ಲು ಕಚ್ಚಿ ನೆಟ್ಟಗೆ ನಡೆದೆ. ಹಗಲೂ ರಾತ್ರಿ ಧರಿಸಬೇಕಾಗಿದ್ದ ಬಿಗಿ ಉಡುಪು ಬಟ್ಟೆಯ ಮೇಲಿಂದ ಎದ್ದು ಕಾಣುತ್ತಿತ್ತೆಂದು ಬಿಚ್ಚಿಟ್ಟೆ. ಸಂಜೆ ಮನೆಗೆ ಬಂದಾಗ ಮೂರು ವರ್ಷದ ಮಗ ಓಡಿಬಂದು ತೋಳು ಚಾಚಿದ, ಎತ್ತಿಕೊಂಡೆ. ಎದುರಿಗೆ ಅತ್ತೆಯವರು ಕುಳಿತಿದ್ದರು. ಎತ್ತುವುದಿಲ್ಲ ಎನ್ನಲು ನನ್ನ ಬಳಿ ಕಾರಣ ಉಳಿದಿರಲಿಲ್ಲ. ಎರಡು ದಿನದಲ್ಲಿ ಹೊಕ್ಕುಳಿನ ಕೆಳಗೆ ಒತ್ತಿದರೆ ನೀರು ತುಂಬಿದ ಚೀಲದಂತೆ ತುಳುಕತೊಡಗಿತು.

ಇದರ ನಡುವೆ ಇನ್ನೊಂದು ಮೂರ್ಖತನ. ಹೊಟ್ಟೆಯ ಕೆಳಭಾಗದ ಚರ್ಮಕ್ಕೆ ಈ ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಸ್ಪರ್ಶಜ್ಞಾನವಿರುವುದಿಲ್ಲ, ಏಕೆಂದರೆ ಚರ್ಮ ಬಿಡಿಸುವಾಗ ಸಣ್ಣ ನರಗಳು ಕತ್ತರಿಸಿಹೋಗಿರುತ್ತವೆ. ಸೆಳೆತಕ್ಕೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋದೆ. ಹಿತವಾಗಿತ್ತು ಎಂದೂ ಹೇಳಲಾರೆ, ಏನೂ ಅನ್ನಿಸಲೇ ಇಲ್ಲ. ಬೆಳಿಗ್ಗೆ ನೋಡಿದರೆ ಮೂರು ಸುಟ್ಟ ಗುಳ್ಳೆಗಳು. ಆ ಕಲೆ ಹೊಲಿಗೆಯ ಗೆರೆಗಿಂತ ಢಾಳಾಗಿ ಉಳಿದಿದೆ. ಬಿಸಿಯಾಗಲಿ ಮಂಜುಗಡ್ಡೆಯಾಗಲಿ ಆ ಜಾಗಕ್ಕೆ ತಾಗಿಸಬೇಡಿ.

20ನೇ ದಿನದ ರಾತ್ರಿ ಎಡಗಾಲಿನ ಮೀನಖಂಡ ನೋಯತೊಡಗಿತು, ಮುಟ್ಟಿದರೆ ಬಲಗಾಲಿಗಿಂತ ಬಿಸಿಯಾಗಿ, ದಪ್ಪವಾಗಿ ಇತ್ತು. ಚಿಕಿತ್ಸಾಲಯದ ಸಂಖ್ಯೆ ರಿಂಗಾಗಿ ರಿಂಗಾಗಿ ಕಡಿಯಿತು. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು. ಯುವ ವೈದ್ಯೆಯೊಬ್ಬರು "ಇತ್ತೀಚೆಗೆ ಏನಾದರೂ ಆಪರೇಷನ್ ಆಗಿದೆಯಾ ಅಮ್ಮಾ?" ಎಂದು ಕೇಳಿದರು. ಜೀವದ ಭಯದಲ್ಲಿ ಕೂತಿದ್ದ ನಾನು, ಅಭ್ಯಾಸಬಲದಿಂದ, "ಹರ್ನಿಯಾ" ಎಂದೆ. ಗಂಡ ನನ್ನ ಮುಖ ನೋಡಿದರು, ಏನೂ ಮಾತಾಡಲಿಲ್ಲ. ಆ ನೋಟ ತಡೆಯಲಾಗದೆ ಎಲ್ಲವನ್ನೂ ಹೇಳಿದೆ: ನಾಲ್ಕೂವರೆ ಗಂಟೆಯ ಅರಿವಳಿಕೆ, ಲೈಪೊಸಕ್ಷನ್, ಗರ್ಭನಿರೋಧಕ ಮಾತ್ರೆ, ಸೀರೋಮಾ. ವೈದ್ಯೆಯ ಬರೆಯುವ ವೇಗವೇ ಬದಲಾಯಿತು. ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣಲಿಲ್ಲ, ನಾಲ್ಕು ದಿನ ಬಿಟ್ಟು ಮತ್ತೆ ಮಾಡಿಸಿದಾಗಲೂ ಕಾಣಲಿಲ್ಲ. ಸ್ನಾಯುವಿನ ಉಳುಕು ಎಂದರು. ನನ್ನ ಪುಣ್ಯ. ಕಾಲಿನ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಒಂದೇ ಕಾಲಿನ ಊತ ಮತ್ತು ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಗಾಯದಿಂದ ದುರ್ವಾಸನೆ, ಹೊಟ್ಟೆಯ ಒಂದೇ ಬದಿ ಬಿರುಸಾಗಿ ಉಬ್ಬುವುದು: ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, ಚಿಕಿತ್ಸಾಲಯದವರು ಫೋನ್ ಎತ್ತಲಿ ಎಂದೂ ಕಾಯಬೇಡಿ.

ಈಗ ಎಂಟು ತಿಂಗಳಾಗಿದೆ. ಹೊಟ್ಟೆ ಚಪ್ಪಟೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಸಂಜೆಯ ಹೊತ್ತಿಗೆ ಬರುತ್ತಿದ್ದ ಊತ ಐದು ತಿಂಗಳು ಇತ್ತು. ಗೆರೆ ಇನ್ನೂ ಕೆಂಪಗಿದೆ, ಮಾಸಲು ಒಂದು ವರ್ಷಕ್ಕೂ ಹೆಚ್ಚು ಬೇಕಂತೆ. ಮೊದಲ ವಾರ ತಕ್ಕಡಿ ಮೂರು ಕಿಲೋ ಏರಿತ್ತು, ಮೈಯಲ್ಲಿ ನಿಂತ ನೀರಿನಿಂದ. ಅದನ್ನು ನೋಡಿ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಆ ಎರಡು ಮೂರು ವಾರಗಳಲ್ಲಿ ಕಾರಣವಿಲ್ಲದ ದುಃಖ ಬಹಳ ಜನರಿಗೆ ಬರುತ್ತದೆಂದು ನಂತರ ತಿಳಿಯಿತು. ತಿಳಿಸುವವರು ಇರಬೇಕಾದರೆ, ನಾನು ಏನು ಮಾಡಿಸಿಕೊಂಡಿದ್ದೇನೆಂದು ಅವರಿಗೆ ಗೊತ್ತಿರಬೇಕಿತ್ತು.

ಕಳೆದ ವಾರ ಸಹೋದ್ಯೋಗಿಯೊಬ್ಬರು ಬಳಿಗೆ ಬಂದು, ತಮ್ಮ ತಂದೆಗೆ ಹರ್ನಿಯಾ ಆಪರೇಷನ್ ನಿಗದಿಯಾಗಿದೆ, ನೀವು ಹತ್ತೇ ದಿನಕ್ಕೆ ಓಡಾಡಿದಿರಲ್ಲಾ, ಅಪ್ಪನೂ ಹತ್ತು ದಿನಕ್ಕೆ ಅಂಗಡಿಗೆ ಹೋಗಿ ಮೂಟೆ ಎತ್ತಬಹುದೇ ಎಂದು ಕೇಳಿದರು. ನನಗೆ ಹರ್ನಿಯಾ ಆಗಿರಲೇ ಇಲ್ಲ ಎಂದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.