ಜಪಾನ್ ಕೃಷಿ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

"ತಿಂಗಳಿಗೆ 1,60,000 ಯೆನ್, ಊಟ ಒಂದು ಬಿಟ್ಟು ಎಲ್ಲ ಫ್ರೀ, ಓವರ್‌ಟೈಮ್‌ಗೆ (ಓಟಿ) ಶೇ 25 ಜಾಸ್ತಿ." ಹುಬ್ಬಳ್ಳಿಯ ಏಜೆಂಟ್ ನಮ್ಮ ಬ್ಯಾಚಿಗೆ ಹೇಳಿದ್ದು ಇಷ್ಟು. ಇದರಲ್ಲಿ ಒಂದೂ ನಿಜ ಅಲ್ಲ. ಒಂದೂ ಅಲ್ಲ! ಈಗ ಮುಂದಿನ ಸೀಸನ್‌ಗೆ ಹುಡುಗರನ್ನು ಸೇರಿಸುತ್ತಿದ್ದಾನೆ, ಅದೇ ಪೋಸ್ಟರ್, ಅದೇ ಡ್ರೋನ್ ಫೋಟೊ. ನಾಚಿಕೆ ಬಿಟ್ಟು ಬರೆಯುತ್ತಿರುವುದು ಅದಕ್ಕೇ.

ನನ್ನನ್ನು ಹಾಕಿದ್ದು ಇಬಾರಕಿ ಪ್ರಾಂತ್ಯದ ಹೊಕೊತಾ ಕಡೆ ಒಂದು ಹೊಲಕ್ಕೆ. 2024ರ ಮೇ, ಗೆಣಸು ನಾಟಿ ಸಮಯ. ನಾನು ಬೆಳಗಾವಿ ಕಡೆಯವನು. ಗೆಣಸಿನ ಬಳ್ಳಿ ನೆಡೋಕೆ ಜಪಾನಿಗೆ ಹೋದ ಅಂತ ಊರಲ್ಲಿ ನಗುತ್ತಿದ್ದಾರೆ, ನಗಲಿ. ಪೋಸ್ಟರ್‌ನಲ್ಲಿದ್ದ ಡ್ರೋನೂ ಇಲ್ಲ, ಪಾಲಿಹೌಸೂ ಇಲ್ಲ. ಮಣ್ಣು ಮುಚ್ಚುವ ಕಪ್ಪು ಪ್ಲಾಸ್ಟಿಕ್ (ಮಲ್ಚಿಂಗ್) ಶೀಟ್ ಹಾಸಿದ ಉದ್ದುದ್ದ ಸಾಲು, ಬಗ್ಗಿಕೊಂಡು ಒಂದೊಂದೇ ಬಳ್ಳಿ ತುಂಡನ್ನು ತೂತಿನೊಳಗೆ ಓರೆಯಾಗಿ ತೂರಿಸಿ, ಬೆರಳಲ್ಲಿ ಮಣ್ಣು ಒತ್ತಿ ಮುಂದೆ ಹೋಗಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಶುರು. ಕೆಲಸಕ್ಕೆ ನಾನು ಹೆದರುವವನಲ್ಲ, ರೈತನ ಮಗ. ಸಿಟ್ಟು ಬಂದಿದ್ದು ದುಡ್ಡಿನ ವಿಷಯಕ್ಕೆ.

ಸಂಜೆ ಐದಕ್ಕೆ ಹೊಲದಿಂದ ಬಂದ ಮೇಲೆ ಶೆಡ್ಡಿನಲ್ಲಿ ಮರುದಿನದ ಬಳ್ಳಿ ಎಣಿಸಿ ಕಟ್ಟಬೇಕು. ರಾತ್ರಿ ಒಂಬತ್ತಾಗುತ್ತಿತ್ತು. ಓಟಿ ಬರುತ್ತದಲ್ಲ ಅಂತ ನಾನು ಡೈರಿಯಲ್ಲಿ ಗಂಟೆ ಬರೆದುಕೊಂಡು ಮನಸ್ಸಲ್ಲೇ ಲೆಕ್ಕ ಹಾಕಿದ್ದೇ ಹಾಕಿದ್ದು. ತಿಂಗಳ ಕೊನೆಗೆ ಸಂಬಳದ ಚೀಟಿ ಬಂತು. ಗಂಟೆಗೆ 953 ಯೆನ್, ಆಗಿನ ಇಬಾರಕಿಯ ಕನಿಷ್ಠ ಕೂಲಿ. ಒಂದು ಯೆನ್ ಹೆಚ್ಚಿಲ್ಲ. ಗಂಟೆಗಳು 160. ಮಳೆ ಬಂದ ದಿನ ಸೊನ್ನೆ. ಸಂಜೆ ಕೆಲಸ ಬೇರೆ ಸಾಲಿನಲ್ಲಿ: ಬಳ್ಳಿಯ ಒಂದೊಂದು ಕಟ್ಟಿಗೆ 10 ಯೆನ್. ಗಂಟೆ ಲೆಕ್ಕವೇ ಅಲ್ಲ, ಕಟ್ಟಿನ ಲೆಕ್ಕ! ಕೆಳಗೆ ಕಡಿತ. ಬಾಡಿಗೆ 25,000, ಕರೆಂಟು-ಗ್ಯಾಸು 8,000, ಪಿಂಚಣಿ 16,980, ವೈಫೈ 3,000, ಆರೋಗ್ಯ ವಿಮೆ, ತೆರಿಗೆ, ಕೊನೆಗೆ ಬೂಟು ಮತ್ತು ರೈನ್‌ಕೋಟಿಗೆ 4,500. ನನ್ನದೇ ಸಂಬಳದಲ್ಲಿ ಅವರ ಹೊಲಕ್ಕೆ ಇಳಿಯುವ ಬೂಟು. ಕೈಗೆ ಬಂದದ್ದು ಕಟ್ಟಿನ ಚಿಲ್ಲರೆ ಸೇರಿಸಿದರೂ ಐವತ್ತು ಸಾವಿರ ರೂಪಾಯಿ ದಾಟಲಿಲ್ಲ. ಅದರಲ್ಲೇ ಊಟ, ಅದರಲ್ಲೇ ಸಾಲದ ಕಂತು.

ಏಜೆಂಟ್‌ಗೆ ಚೀಟಿಯ ಫೋಟೊ ಕಳಿಸಿದೆ. ಬ್ಲೂ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಮಾಡಿದರೆ ಕಟ್. ಕೊನೆಗೊಂದು ವಾಯ್ಸ್ ನೋಟ್: "ಬ್ರದರ್, ಗ್ರಾಸ್ (ಕಡಿತಕ್ಕೆ ಮೊದಲಿನದು) ಹೇಳಿದ್ದು ನಾನು, ನೆಟ್ (ಕೈಗೆ ಬರುವುದು) ಅಲ್ಲ. ಅಡ್ಜಸ್ಟ್ ಮಾಡ್ಕೊಳಿ." ಓಟಿ ಎಲ್ಲಿ ಸರ್ ಅಂದೆ. "ಕೃಷಿಗೆ ಓಟಿ ರೂಲ್ಸ್ ಇಲ್ಲ ಬ್ರದರ್." ಮತ್ತೆ ಕೇಳಿದ್ದಕ್ಕೆ, "ನೀವು ಹೋಗಿರೋದು ಕಲಿಯೋಕೆ, ದುಡಿಯೋಕಲ್ಲ." ಅಲ್ಲಾ, ನನ್ನಿಂದ ಮೂರು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಎಣಿಸಿಕೊಳ್ಳುವಾಗ ಈ ಮಾತು ಎಲ್ಲಿ ಹೋಗಿತ್ತು?

ಓಟಿ ಬಗ್ಗೆ ಅವನು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಅದೇ ಮೋಸ. ಜಪಾನಿನ ಕಾರ್ಮಿಕ ಕಾನೂನಿನ 41ನೇ ಕಲಂ ಕೃಷಿಯನ್ನು ಕೆಲಸದ ಅವಧಿ, ವಿರಾಮ, ರಜೆಯ ನಿಯಮಗಳಿಂದ ಹೊರಗಿಟ್ಟಿದೆ. ಆದರೆ ಮಾಡಿದ ಗಂಟೆಗೆ ಕೂಲಿ ಕೊಡಲೇಬೇಕು. ಇದೇ ಇಬಾರಕಿಯಲ್ಲಿ ಎಲೆ ಕಟ್ಟುವ ಕೆಲಸಕ್ಕೆ ಕಟ್ಟಿನ ಲೆಕ್ಕದಲ್ಲಿ ಚಿಲ್ಲರೆ ಕೊಟ್ಟಿದ್ದಕ್ಕೆ ಚೀನಾದ ಇಂಟರ್ನ್ ಒಬ್ಬರು ಕೋರ್ಟಿಗೆ ಹೋಗಿದ್ದರು, 2018ರಲ್ಲಿ ಅಲ್ಲಿನ ಮಿತೊ ನಗರದ ಕೋರ್ಟ್ ಬಾಕಿ ಕೊಡಿ ಎಂದಿತು. ಇದನ್ನು ನಮ್ಮ ಮೇಲ್ವಿಚಾರಣೆ ಸಂಸ್ಥೆಯವನಿಗೆ (ಇಂಟರ್ನ್‌ಗಳನ್ನೂ ಹೊಲವನ್ನೂ ನೋಡಿಕೊಳ್ಳುವ ಜಪಾನಿನ ಸಂಸ್ಥೆ) ಹೇಳಿದರೆ ನಕ್ಕು, "ಇಲ್ಲಿ ಎಲ್ಲ ಹೊಲದಲ್ಲೂ ಹೀಗೇ" ಅಂದ. ಬೇರೆ ಹೊಲಕ್ಕೆ ಹೋಗುತ್ತೇನೆ ಅಂದರೆ ಈ ಇಂಟರ್ನ್ ವೀಸಾದಲ್ಲಿ ಹಾಗೆ ಸುಲಭವಾಗಿ ಬದಲಾಯಿಸುವಂತಿಲ್ಲ. ಈ ಇಂಟರ್ನ್ ಪದ್ಧತಿ ತೆಗೆದು ಬೇರೆ ತರುವ ಜಪಾನಿನ ಕಾನೂನು 2024ರಲ್ಲಿ ಆಗಿದೆ, ಜಾರಿ 2027ಕ್ಕೆ. ನನಗೇನು ಬಂತು?

ಹೋಗುವವರಿಗೆ ಹೇಳೋದು ಸ್ವಲ್ಪವೇ. ಏಜೆಂಟ್ ಹೆಸರು ಇಮೈಗ್ರೇಟ್ ಪೋರ್ಟಲ್‌ನಲ್ಲಿ (ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ಇರುವ ಭಾರತ ಸರ್ಕಾರದ ವೆಬ್‌ಸೈಟ್) ಇದೆಯಾ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ನನಗೆ 35,400ಕ್ಕೆ ಮಾತ್ರ ರಸೀದಿ, ಉಳಿದದ್ದು 'ಟ್ರೈನಿಂಗ್ ಫೀ' ಅಂತ ಕ್ಯಾಶ್. ಕ್ಯಾಶ್ ಕೇಳಿದರೆ ಎದ್ದು ಬನ್ನಿ. ಸಂಬಳ ಎಷ್ಟು ಅಂತ ಕೇಳಬೇಡಿ, ಕಡಿತ ಎಷ್ಟು ಅಂತ ಬರೆಸಿಕೊಳ್ಳಿ. ಪಿಂಚಣಿಗೆ ಹೋದ ದುಡ್ಡಿನಲ್ಲಿ ಒಂದು ಭಾಗ, ಜಪಾನ್ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ, ಇದನ್ನೂ ಅವನು ಬಾಯಿ ಬಿಟ್ಟಿರಲಿಲ್ಲ. ಇಂಟರ್ನ್‌ಗಳ ದೂರಿಗೆ ಜಪಾನಿನಲ್ಲಿ ಓಟಿಐಟಿ ಅಂತ ಸಂಸ್ಥೆ ಇದೆ, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ. ಡೈರಿಯ ಫೋಟೊ ಎಲ್ಲ ಅಲ್ಲಿಗೆ ಕಳಿಸಿದ್ದೇನೆ.

ಇನ್ನೊಂದು. ನಾನು ಓಡಿಹೋಗದ ಹಾಗೆ ಗ್ಯಾರಂಟಿ ಅಂತ ಏಜೆಂಟ್ ಅಪ್ಪನ ಸಹಿ ಇರುವ ಖಾಲಿ ಚೆಕ್ ಇಸಿದುಕೊಂಡಿದ್ದಾನೆ. ಹೀಗೆ ಡೆಪಾಸಿಟ್ ಹಿಡಿಯುವುದನ್ನು ಜಪಾನಿನ ನಿಯಮವೇ ಒಪ್ಪುವುದಿಲ್ಲ. ಅಪ್ಪ ಎರಡು ಸಲ ಹುಬ್ಬಳ್ಳಿಗೆ ಹೋಗಿ ಕೇಳಿದರು. "ಮೊದಲು ಮಗ ಮೂರು ವರ್ಷ ಮುಗಿಸಲಿ ಕಾಕಾ, ಆಮೇಲೆ ನೋಡೋಣ" ಅಂದನಂತೆ.