ಕೆಮ್ಮಣ್ಣು ಕಟ್ಟಿದ ಅವರೆಕಾಳು ಕೊಳ್ಳುವ ಮುಂಚೆ

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯವರು ದಯವಿಟ್ಟು ಓದಿ. ಆಷಾಢದಲ್ಲಿ ಯಾರಾದರೂ "ಈಗಷ್ಟೇ ಬಂದ ಬೆಳೆ, ಅಪ್ಪಟ ನಾಟಿ ಅವರೆ" ಅಂತ ಮೂಟೆ ಬಿಚ್ಚಿದರೆ ನಂಬಬೇಡಿ. ನಾಟಿ ಅವರೆ ಹೂ ಬಿಡೋದೇ ಹಗಲು ಚಿಕ್ಕದಾದ ಮೇಲೆ. ಕಾಯಿ ಬಲಿತು ಒಣಗೋದು ಸಂಕ್ರಾಂತಿ ಆಚೀಚೆ. ಯಾವ ಕಾಲಕ್ಕೂ ಬರೋದು ಹೆಬ್ಬಾಳ ಅವರೆ, ಅದರ ದಾರಿಯೇ ಬೇರೆ.

ನಾನು ತಂದ ಐದು ಕೆಜಿಗೆ ಕೆಮ್ಮಣ್ಣು ಕಟ್ಟಿತ್ತು. ಹುಳು ಬೀಳದಿರಲಿ ಅಂತ ಮಣ್ಣು ಕಟ್ಟೋದು ನಮ್ಮ ಕಡೆ ಹಳೇ ಪದ್ಧತಿ. ಮಣ್ಣು ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತೆ, ಅಲ್ವಾ? ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಒಂದು ಹಿಡಿ ತೊಳೆದರೆ ಕಾಳಿನ ತುಂಬಾ ದುಂಡನೆ ತೂತು. ಗುಂಡುಸೂಜಿಯಲ್ಲಿ ಕೆದಕಿದೆ. ತೂತಿನ ಬಾಯಲ್ಲಿ ಮಣ್ಣು, ಒಳಗೆ ಬರೀ ಹಿಟ್ಟು. ಅಂದರೆ ಹುಳು ತಿಂದು ಹೊರಗೆ ಹೋದ ಮೇಲೆ ಮಣ್ಣು ಮೆತ್ತಿದ್ದಾರೆ! ಇನ್ನು ಕೆಲವು ಕಾಳಿನ ಮೇಲೆ ತೊಳೆದರೂ ಹೋಗದ ಬಿಳಿ ಚುಕ್ಕೆ. ಅದು ಮೊಟ್ಟೆ. ಮರಿ ಅಲ್ಲಿಂದಲೇ ಒಳಗೆ ಕೊರೆಯುತ್ತೆ.

ತೂತಿಲ್ಲದ್ದನ್ನು ಆರಿಸಿ ರಾತ್ರಿ ನೆನೆಹಾಕಿದೆ. ಹಿತಕಿದ ಬೇಳೆ ಸಾರಿನ ಆಸೆ. ಬೆಳಿಗ್ಗೆ ನೋಡಿದರೆ ಕೆಲವು ಉಬ್ಬಿವೆ, ಕೆಲವು ಬರೀ ಸುಕ್ಕಾಗಿವೆ, ಉಳಿದದ್ದು ನೀರೇ ಕುಡಿದಿಲ್ಲ. ಹಿತುಕಿದರೆ ಸಿಪ್ಪೆ ಜಾರಲ್ಲ. ಕುಕ್ಕರ್ ಕೂಗಿದ್ದೇ ಬಂತು. ಸೆಕೆಯಲ್ಲಿ, ತೇವದಲ್ಲಿ ಜಾಸ್ತಿ ದಿನ ಬಿದ್ದಿದ್ದ ಕಾಳು ಹೀಗೇ, ಎಷ್ಟು ಬೇಯಿಸಿದರೂ ಮೆತ್ತಗಾಗಲ್ಲ.

ಮಾರಿದವನನ್ನು ಕೇಳಿದರೆ "ನಿಮ್ಮ ಬೋರ್ ನೀರು ಗಡಸು" ಅಂದ. ಗಡಸು ನೀರಲ್ಲಿ ಕಾಳು ಬೇಯೋದು ತಡ, ನಿಜ. ಆದರೆ ಪಕ್ಕದ ಮನೆಯವರ ಹೊಲದ ಅವರೆ ಅದೇ ನೀರಲ್ಲಿ, ಅದೇ ಕುಕ್ಕರ್‌ನಲ್ಲಿ ಬೆಣ್ಣೆ ಹಾಗೆ ಬೆಂತು. ಅದನ್ನು ಹೇಳಿದ ಮೇಲೆ ಆಸಾಮಿ ಫೋನೇ ಎತ್ತಲಿಲ್ಲ. ದುಡ್ಡು ಹೋದದ್ದು ಹೋಯಿತು.

ಕೊಳ್ಳೋದಾದರೆ ಸುಗ್ಗಿ ಮುಗಿಯುತ್ತಿದ್ದಂಗೆ, ಸಾಧ್ಯವಾದರೆ ಬೆಳೆದವರ ಕಣದಲ್ಲೇ ಕೊಳ್ಳಿ. ಅಂಗಡಿಯಾದರೆ ಮೊದಲು ಒಂದು ಪಾವು ತಂದು ನೆನೆಸಿ ನೋಡಿ. ಮಣ್ಣು ಕಟ್ಟಿದ್ದರೆ ನಾಲ್ಕು ಕಾಳನ್ನು ಒದ್ದೆ ಬಟ್ಟೆಯಲ್ಲಿ ಅಲ್ಲೇ ಒರೆಸಿ. ಒರೆಸೋಕೆ ಬಿಡಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಬಟ್ಟೆಗೆ ಮಣ್ಣಿನ ಬದಲು ಗುಲಾಬಿ ಬಣ್ಣ ಹತ್ತಿದರಂತೂ ಮುಟ್ಟಲೇಬೇಡಿ. ಅದು ಬಿತ್ತನೆಗೆ ಅಂತ ವಿಷದ ಔಷಧ ಹಚ್ಚಿದ ಕಾಳಿರಬಹುದು. ದನಕ್ಕೂ ಹಾಕುವಂತಿಲ್ಲ.