ಆರು ವರ್ಷ ಬಳಸಿದ ಮೇಲೆ ನಮ್ಮ ಕ್ಯಾಂಪರ್ ಟ್ರಕ್ ಬಾಡಿ: ತಿರುಚುವ ಚಾಸಿಸ್ ಮೇಲೆ ತಿರುಚದ ಮನೆ

ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ಹೋಗುವ ಹಳೆಯ ಟ್ರಕ್ಕೊಂದರ ಚಾಸಿಸ್ ಮೇಲೆ ನಾವು ಮಾಡಿಸಿಕೊಂಡ ವಾಸದ ಬಾಡಿಗೆ ಈಗ ಆರು ವರ್ಷ ತುಂಬಿದೆ. ಓಡಿರುವ ದೂರ 94,000 ಕಿಲೋಮೀಟರ್. ಅದರಲ್ಲಿ ಮೂರನೇ ಒಂದು ಭಾಗದಷ್ಟು ಡಾಂಬರಿಲ್ಲದ ದಾರಿ. ಒಳಗೆ ಮಲಗಿದ ರಾತ್ರಿಗಳು ಏಳುನೂರಕ್ಕೂ ಹೆಚ್ಚು. ನಕ್ಷೆ ನಮ್ಮದು, ಪ್ಯಾನೆಲ್‌ಗಳನ್ನೂ, ಚಾಸಿಸ್ಸಿಗೂ ಬಾಡಿಗೂ ನಡುವೆ ಕೂರುವ ಸಬ್‌ಫ್ರೇಮ್ ಎಂಬ ಚೌಕಟ್ಟನ್ನೂ ಕಟ್ಟಿಕೊಟ್ಟದ್ದು ಒಂದು ಸಣ್ಣ ಬಾಡಿ ಕಾರ್ಖಾನೆ, ಒಳಗಿನ ಮರಗೆಲಸ, ನೀರು ಮತ್ತು ವಿದ್ಯುತ್ತಿನ ಕೆಲಸವನ್ನು ನಾವೇ ಮಾಡಿಕೊಂಡೆವು. ಹೊಸತರಲ್ಲಿ ಬರೆದಿದ್ದರೆ ಅಡುಗೆ ಕಟ್ಟೆ, ಹಾಸಿಗೆಯ ಅಗಲ, ಕಿಟಕಿಯ ನೋಟಗಳ ಬಗ್ಗೆಯೇ ಬರೆಯುತ್ತಿದ್ದೆ. ಈಗ ಮೊದಲು ಹೇಳಬೇಕೆನಿಸುವುದು ಬಾಡಿಯ ಅಡಿಯಲ್ಲಿ ಅಡಗಿರುವ, ಯಾರೂ ಫೋಟೊ ತೆಗೆಯದ ನಾಲ್ಕು ಕೀಲುಗಳ ವಿಷಯ.

ಒರಟು ನೆಲಕ್ಕೆಂದು ಮಾಡಿದ ಟ್ರಕ್ಕಿನ ಚಾಸಿಸ್ ಏಣಿಯಂತಿರುತ್ತದೆ: ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಮುಂದಿನ ಎಡಚಕ್ರ ಒಂದು ಬಂಡೆಯನ್ನೂ ಹಿಂದಿನ ಬಲಚಕ್ರ ಇನ್ನೊಂದನ್ನೂ ಏರಿದಾಗ ಈ ಏಣಿ ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್‌ಗಳ ಚಲನೆ ಮುಗಿದ ಮೇಲೂ ನಾಲ್ಕು ಚಕ್ರಗಳು ನೆಲ ಬಿಡಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಒರಟು ನೆಲದ ಟ್ರಕ್ಕಾದ ಯುನಿಮೊಗ್‌ನಂಥ ವಾಹನಗಳಲ್ಲಿ ಈ ತಿರುಚುವಿಕೆ ಬರಿಗಣ್ಣಿಗೆ ಕಾಣುವಷ್ಟಿರುತ್ತದೆ. ಆದರೆ ಆರು ಪ್ಯಾನೆಲ್‌ಗಳನ್ನು ಅಂಚಿಗೆ ಅಂಚು ಅಂಟಿಸಿ ಮಾಡಿದ ಪೆಟ್ಟಿಗೆ ತಿರುಚಲಾರದು. ಅದನ್ನು ತೊಲೆಗಳಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದರೆ ಒಂದೋ ಬಾಗಿಲಿನ ಮೂಲೆಯಿಂದ ಬಿರುಕು ಶುರುವಾಗುತ್ತದೆ, ಇಲ್ಲವೇ ಬೋಲ್ಟಿನ ರಂಧ್ರದಿಂದ ಚಾಸಿಸ್ಸೇ ಸೀಳತೊಡಗುತ್ತದೆ. ಈ ಎರಡನ್ನೂ ದೂರವಿಡುವ ಹೊಣೆ ಇವುಗಳ ನಡುವಿನ ಸಬ್‌ಫ್ರೇಮಿನದು.

ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು. ಹಿಂಭಾಗವನ್ನು ಬಿಗಿಯಾಗಿ ಕಟ್ಟಿ, ಮುಂಭಾಗದಲ್ಲಿ ಸ್ಪ್ರಿಂಗ್ ಹಾಕಿದ ಬೋಲ್ಟುಗಳಿಂದ ಹಿಡಿದಿಡುವುದು ಒಂದು. ತಿರುಚುವಿಕೆ ಹೆಚ್ಚಾದಾಗ ಸಬ್‌ಫ್ರೇಮ್ ತೊಲೆಯಿಂದ ಸ್ವಲ್ಪ ಮೇಲೇಳುತ್ತದೆ, ಆಮೇಲೆ ಮತ್ತೆ ಕೂರುತ್ತದೆ. ಬಿಗಿ ಚಾಸಿಸ್ ಇರುವ ಟ್ರಕ್ಕುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಭಾರವೂ ತೊಲೆಯ ಉದ್ದಕ್ಕೂ ಹಂಚಿಹೋಗುತ್ತದೆ. ಎರಡನೆಯದು ಮೂರು ಬಿಂದುಗಳ ಆಸರೆ: ಒಂದು ತುದಿಯಲ್ಲಿ ಎರಡು ಸ್ಥಿರ ಬಿಂದುಗಳು, ಇನ್ನೊಂದು ತುದಿಯ ನಡುವೆ ಒಂದು ತಿರುಗುವ ಕೀಲು. ಮೂರನೆಯದನ್ನು ವಜ್ರಾಕೃತಿಯ ಆಸರೆ ಎನ್ನಬಹುದು. ಮುಂದೆ ನಡುವೆ ಒಂದು ಕೀಲು, ಹಿಂದೆ ನಡುವೆ ಒಂದು ಕೀಲು, ಮಧ್ಯಭಾಗದ ಎಡಬಲಗಳಲ್ಲಿ ಒಂದೊಂದು. ನಾವು ಆರಿಸಿಕೊಂಡದ್ದು ಇದನ್ನೇ. ಚಾಸಿಸ್ಸಿನ ಮುಂತುದಿ ಒಂದು ಕಡೆಗೂ ಹಿಂತುದಿ ಇನ್ನೊಂದು ಕಡೆಗೂ ವಾಲಿದಾಗ ಬಾಡಿ ಈ ಎರಡರ ನಡುವಿನ ಕೋನದಲ್ಲಿ ನಿಲ್ಲುತ್ತದೆ. ಹಾಗಾಗಿ ಕ್ಯಾಬಿನ್ನಿಗೂ ಬಾಡಿಗೂ ನಡುವೆ ಬರುವ ವ್ಯತ್ಯಾಸ ಮೂರು ಬಿಂದುಗಳ ಆಸರೆಯಲ್ಲಿ ಬರುವುದಕ್ಕಿಂತ ಕಡಿಮೆ.

ವಾಹನ ಕೈಗೆ ಬಂದ ವಾರವೇ ಒಂದು ಮುಂಚಕ್ರವನ್ನೂ ಅದಕ್ಕೆ ಕರ್ಣೀಯವಾಗಿರುವ ಹಿಂಚಕ್ರವನ್ನೂ 40 ಸೆಂಟಿಮೀಟರ್ ಎತ್ತರದ ದಿಮ್ಮಿಗಳ ಮೇಲೆ ಹತ್ತಿಸಿ ಅಳೆದೆವು. ಬಾಡಿಯ ಮುಂದಿನ ಎರಡು ಮೂಲೆಗಳಲ್ಲಿ ಚಾಸಿಸ್‌ನಿಂದ ಇರುವ ಅಂತರಗಳ ನಡುವೆ 70 ಮಿಲಿಮೀಟರ್ ವ್ಯತ್ಯಾಸ ಬಂತು. ಅದೇ ಸ್ಥಿತಿಯಲ್ಲಿ ಬಾಗಿಲು ಒಂದು ಬೆರಳಿನಿಂದ ತಳ್ಳಿದರೂ ತೆರೆದು ಮುಚ್ಚುತ್ತಿತ್ತು. ಬಾಡಿ ಮಾಡಿಸುವವರು ಹಣದ ಕೊನೆಯ ಕಂತು ಕೊಡುವ ಮೊದಲು ಈ ಪರೀಕ್ಷೆಯನ್ನು ಕಾರ್ಖಾನೆಯ ಅಂಗಳದಲ್ಲೇ ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಾಗಿಲು ಚೂರು ಬಿಗಿಯಾದರೂ ಬಾಡಿಗೆ ತಿರುಚುಬಲ ತಲುಪುತ್ತಿದೆ ಎಂದೇ ತಿಳಿಯಬೇಕು.

ಸಬ್‌ಫ್ರೇಮಿನಲ್ಲಿ ತೊಂದರೆಗಳೇ ಬರಲಿಲ್ಲವೆಂದಲ್ಲ. ಟ್ರಕ್ ತಯಾರಕರು ಬಾಡಿ ಕಟ್ಟುವವರಿಗೆಂದು ಕೊಡುವ ಸೂಚನೆಗಳಲ್ಲಿ ತೊಲೆಯ ಮೇಲಿನ ಮತ್ತು ಕೆಳಗಿನ ಚಾಚುಪಟ್ಟಿಗಳಿಗೆ (ಅಡ್ಡಕ್ಕೆ ಚಾಚಿದ ಅಂಚುಗಳಿಗೆ) ರಂಧ್ರ ಕೊರೆಯಬಾರದು, ವೆಲ್ಡಿಂಗ್ ಮಾಡಬಾರದು, ಏನನ್ನು ಜೋಡಿಸುವುದಿದ್ದರೂ ತೊಲೆಯ ನಿಂತ ಮೈಗೆ ಬೋಲ್ಟಿನಿಂದಲೇ ಜೋಡಿಸಬೇಕು ಎಂದು ಸಾಮಾನ್ಯವಾಗಿ ಇರುತ್ತದೆ. ತೊಲೆ ಬಾಗಿದಾಗ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಬೀಳುವುದು ಆ ಚಾಚುಪಟ್ಟಿಗಳಲ್ಲೇ. ನಮ್ಮ ಕಾರ್ಖಾನೆಯವರು ಇದು ಗೊತ್ತಿದ್ದೂ ಒಂದು ಸಣ್ಣ ಆಧಾರವನ್ನು ಮೇಲಿನ ಪಟ್ಟಿಗೆ ವೆಲ್ಡ್ ಮಾಡಲು ಹೊರಟಿದ್ದರು; ಆ ದಿನ ನಾವು ಅಲ್ಲಿದ್ದುದರಿಂದ ಅದು ತಪ್ಪಿತು. ಇನ್ನೊಂದು ದೋಷ ನಮ್ಮ ಕಣ್ಣಿಗೂ ಬೀಳಲಿಲ್ಲ. ಮುಂದಿನ ಕೀಲಿಗೆ ಗ್ರೀಸ್ ಹಾಕುವ ತೂತನ್ನು ನೀರಿನ ಟ್ಯಾಂಕಿನ ಹಿಂದೆ ಇಟ್ಟಿದ್ದರು. ಟ್ಯಾಂಕ್ ಇಳಿಸದೆ ಅಲ್ಲಿಗೆ ಕೈ ಹೋಗುತ್ತಿರಲಿಲ್ಲ, ಆದ್ದರಿಂದ ಗ್ರೀಸ್ ಹೋಗಲೂ ಇಲ್ಲ. 31,000 ಕಿಲೋಮೀಟರ್ ಆಗುವಷ್ಟರಲ್ಲಿ ಗುಂಡಿ ದಾಟುವಾಗಲೆಲ್ಲ ಸುತ್ತಿಗೆಯಿಂದ ಹೊಡೆದಂಥ ಸದ್ದು ಬರತೊಡಗಿತು. ಬಿಚ್ಚಿ ನೋಡಿದರೆ ಕೀಲಿನೊಳಗಿನ ಬಳೆಯಂಥ ಬುಶ್ ಒಂದು ಬದಿಗೆ ಮೂರು ಮಿಲಿಮೀಟರ್ ಸವೆದಿತ್ತು. ಹೊಸ ಬುಶ್ ಹಾಕಿ, ಗ್ರೀಸಿನ ತೂತಿನಿಂದ ಒಂದು ಕೊಳವೆಯನ್ನು ಹೊರಗೆ ಎಳೆದು ಚಕ್ರದ ಪಕ್ಕಕ್ಕೆ ತಂದೆವು. ಈಗ ಪ್ರತಿ 5,000 ಕಿಲೋಮೀಟರಿಗೊಮ್ಮೆ ಅದಕ್ಕೆ ಗ್ರೀಸ್, ಜತೆಗೆ ಬೋಲ್ಟುಗಳ ಬಿಗಿ ಪರೀಕ್ಷೆ. ಸದ್ದು ಮತ್ತೆ ಬಂದಿಲ್ಲ.

ಇನ್ನು ಪೆಟ್ಟಿಗೆಯ ವಿಷಯ. ಹೊರ ಅಳತೆ ಉದ್ದ 4.2 ಮೀಟರ್, ಅಗಲ 2.2 ಮೀಟರ್, ಎತ್ತರ 2.1 ಮೀಟರ್. ಗೋಡೆಯ ದಪ್ಪ 60 ಮಿಲಿಮೀಟರ್: ಎರಡೂ ಕಡೆ ಎರಡೆರಡು ಮಿಲಿಮೀಟರಿನ ಫೈಬರ್‌ಗ್ಲಾಸ್ ಹಾಳೆ, ನಡುವೆ ಪಾಲಿಯುರಿಥೇನ್ ಫೋಮ್. ಈ ಫೋಮಿನ ಉಷ್ಣವಾಹಕತೆ ಒಂದು ಮೀಟರಿಗೆ ಒಂದು ಡಿಗ್ರಿಗೆ 0.025 ವ್ಯಾಟ್‌ನ ಆಸುಪಾಸು. ಒಟ್ಟು ಹೊರಮೈ ಸುಮಾರು 45 ಚದರ ಮೀಟರ್. ಒಳಗಿಗೂ ಹೊರಗಿಗೂ 30 ಡಿಗ್ರಿ ಅಂತರವಿದ್ದರೆ ಗೋಡೆಗಳ ಮೂಲಕ ಸೋರಿಹೋಗುವ ಶಾಖ ಸುಮಾರು 600 ವ್ಯಾಟ್ ಎಂದು ಲೆಕ್ಕ ಬರುತ್ತದೆ. ಕಿಟಕಿಗಳನ್ನೂ ಗಾಳಿಯಾಟವನ್ನೂ ಸೇರಿಸಿಕೊಂಡರೂ ಎರಡು ಕಿಲೋವ್ಯಾಟಿನ ಡೀಸೆಲ್ ಹೀಟರ್ ಸಾಕೆಂದು ಮೊದಲೇ ತೀರ್ಮಾನಿಸಿದ್ದೆವು, ಅದು ಸರಿಯಾಗಿಯೇ ಇತ್ತು. ಇಂಥ ಲೆಕ್ಕ ಮಾಡದೆ ನಾಲ್ಕು ಕಿಲೋವ್ಯಾಟಿನ ಹೀಟರ್ ಹಾಕಿಕೊಂಡವರನ್ನು ನೋಡಿದ್ದೇನೆ; ಅದು ಸದಾ ಮಂದಗತಿಯಲ್ಲಿ ಉರಿದು ಒಳಗೆಲ್ಲ ಮಸಿ ಕಟ್ಟಿಕೊಳ್ಳುತ್ತದೆ.

ಪ್ಯಾನೆಲ್‌ಗಳ ಅಂಚುಗಳನ್ನು ಕಾರ್ಖಾನೆಯವರು ಅಲ್ಯೂಮಿನಿಯಂ ಪಟ್ಟಿಯಿಂದ ಜೋಡಿಸೋಣ ಎಂದಿದ್ದರು. ಅಲ್ಯೂಮಿನಿಯಂ ಈ ಫೋಮಿಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಹೊರಗಿನಿಂದ ಒಳಗಿನವರೆಗೆ ಒಂದೇ ತುಂಡು ಲೋಹವಿದ್ದರೆ ಉಳಿದ ಗೋಡೆ ಎಷ್ಟು ದಪ್ಪವಿದ್ದರೂ ಆ ಗೆರೆಯುದ್ದಕ್ಕೂ ನೀರು ಬೆವರುತ್ತದೆ. ನಾವು ಹಟ ಹಿಡಿದು ಒಳಗೂ ಹೊರಗೂ ಫೈಬರ್‌ಗ್ಲಾಸ್ ಮೂಲೆಪಟ್ಟಿಯನ್ನೇ ಹಾಕಿಸಿದೆವು. ಪಾಲಿಯುರಿಥೇನ್ ಅಂಟು ಒಣಗಿದ ಮೇಲೂ ರಬ್ಬರಿನಂತೆ ಮಿದುವಾಗಿರುತ್ತದೆ, ಆದರೆ ಆ ಗುಣ ಕೆಲಸಕ್ಕೆ ಬರಬೇಕಾದರೆ ಪದರ ಕನಿಷ್ಠ ಮೂರು ಮಿಲಿಮೀಟರಿನಷ್ಟು ದಪ್ಪ ಉಳಿಯಬೇಕು. ಕ್ಲ್ಯಾಂಪ್ ಬಿಗಿದು ಅಂಟನ್ನೆಲ್ಲ ಹೊರಗೆ ಹಿಂಡಿದರೆ ಹಿಡಿತವೇ ಹೋಗುತ್ತದೆ. ನಮ್ಮ ಕೆಲಸಗಾರರು ಸಂದಿಯುದ್ದಕ್ಕೂ ಅದೇ ದಪ್ಪದ ಸಣ್ಣ ರಬ್ಬರ್ ತುಂಡುಗಳನ್ನಿಟ್ಟು, ಮೈಯನ್ನು ಉಜ್ಜಿ, ಒರೆಸಿ, ಪ್ರೈಮರ್ ಬಳಿದು, ಅದು ಆರುವ ಸಮಯವನ್ನು ಗಡಿಯಾರ ನೋಡಿ ಕಾದರು. ಆರು ವರ್ಷಗಳಲ್ಲಿ ಒಂದೇ ಒಂದು ಅಂಚೂ ಬಿಟ್ಟಿಲ್ಲ. ಆ ತಾಳ್ಮೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಎಡವಿದ್ದು ಎರಡು ಕಡೆ. ಬಾಗಿಲಿನ ಚೌಕಟ್ಟು ಮಾತ್ರ ಉಷ್ಣತಡೆಯಿಲ್ಲದ ಅಲ್ಯೂಮಿನಿಯಂ ಆಗಿಯೇ ಉಳಿಯಿತು; ಹೊರಗೆ ಮೈನಸ್ 18 ಡಿಗ್ರಿ ಇದ್ದ ಬೆಳಿಗ್ಗೆ ಅದರ ಒಳಮೈ ಪೂರ್ತಿ ಹಿಮಗಟ್ಟಿತ್ತು, ಬೀಗವೂ ತಿರುಗಲಿಲ್ಲ. ಇನ್ನೊಂದು, ಹಿಂಬದಿಯ ಏಣಿ. ಅದರ ಬೋಲ್ಟುಗಳು ಪ್ಯಾನೆಲ್ಲನ್ನು ತೂರಿ ಹೋಗುವಲ್ಲಿ ಫೋಮಿನ ಬದಲು ಗಟ್ಟಿಯಾದ ತುಂಡನ್ನು ಕೂರಿಸಿರಬೇಕಿತ್ತು. ನಕ್ಷೆಯಲ್ಲಿ ನಾವೇ ಅದನ್ನು ಗುರುತಿಸಿರಲಿಲ್ಲ. ನಾಲ್ಕನೆಯ ವರ್ಷ ಫೋಮ್ ಜಜ್ಜಿಹೋಗಿ, ಬೋಲ್ಟ್ ಸಡಿಲವಾಗಿ, ಅಂಗೈಯಗಲದಷ್ಟು ಜಾಗದಲ್ಲಿ ಹೊರಹಾಳೆ ಉಬ್ಬಿತು. ಸೈಕಲ್, ಏಣಿ, ಬಿಸಿಲುಮರೆ, ಒಳಗಿನ ಕಪಾಟು, ಹೀಗೆ ಗೋಡೆಗೆ ತೂಗುವ ಪ್ರತಿಯೊಂದರ ಬಿಂದುವನ್ನೂ ಪ್ಯಾನೆಲ್ ಒತ್ತುವ ಮೊದಲೇ ನಿಶ್ಚಯಿಸಿ, ಅಲ್ಲಿ ಹೆಚ್ಚು ಸಾಂದ್ರತೆಯ ಪಾಲಿಯುರಿಥೇನ್ ಹಲಗೆಯನ್ನು ಹಾಕಿಸಬೇಕು. ಮರದ ತುಂಡು ಹಾಕಿಸಬಾರದು. ಒಮ್ಮೆ ನೀರು ಸೇರಿದರೆ ಅದು ಒಳಗೊಳಗೇ ಕೊಳೆಯುತ್ತದೆ.

ತೇವದ ಬಗ್ಗೆ ಮೊದಲ ಚಳಿಗಾಲ ಕಲಿಸಿದ್ದು ಬಹಳ. ಮಲಗಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಉಸಿರಿನಿಂದಲೂ ಚರ್ಮದಿಂದಲೂ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಮೀರುತ್ತದೆ. ನಮ್ಮ ಒಲೆಯ ಗ್ಯಾಸಾದ ಪ್ರೊಪೇನ್ ಒಂದು ಕಿಲೋ ಉರಿದರೆ ಹುಟ್ಟುವ ನೀರಾವಿ 1.6 ಕಿಲೋ. ಇಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಹಾಸಿಗೆಯ ಅಡಿಗೆ, ಕಪಾಟಿನ ಹಿಂದಕ್ಕೆ. ನಾವು ಹಾಸಿಗೆಯ ಕೆಳಗೆ ಗಾಳಿ ಹರಿಯುವ ಜಾಲರಿ ಹಾಕಿದೆವು, ಮೂರನೆಯ ವರ್ಷ ಗ್ಯಾಸನ್ನೇ ತೆಗೆದು ವಿದ್ಯುತ್ ಒಲೆಗೆ ಬಂದೆವು. ಗ್ಯಾಸ್ ತೆಗೆದದ್ದರಿಂದ ಇನ್ನೊಂದು ಲಾಭವಾಯಿತು. ಪ್ರೊಪೇನ್ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕೆಳಗಿಳಿದು ಹೋಗಲು ನೆಲದಲ್ಲಿ ಸದಾ ತೆರೆದ ತೂತು ಬೇಕಾಗಿತ್ತು, ಧೂಳೆಲ್ಲ ಒಳಗೆ ಬರುತ್ತಿದ್ದುದೂ ಅಲ್ಲಿಂದಲೇ. ಓಡುವ ಪೆಟ್ಟಿಗೆಯ ಹಿಂದೆ ಗಾಳಿಯೊತ್ತಡ ಕುಸಿಯುತ್ತದೆ, ಅಲ್ಲಿ ಸಣ್ಣ ಸಂದಿಯಿದ್ದರೂ ಧೂಳು ಹೀರಿಬರುತ್ತದೆ. ಈಗ ಆ ತೂತನ್ನು ಮುಚ್ಚಿ, ಮುಂದಕ್ಕೆ ಮುಖಮಾಡಿದ ಒಂದು ಸೋಸುಕವುಳ್ಳ ಗಾಳಿಕಿಂಡಿಯಿಂದ ಒಳಗಿನ ಒತ್ತಡವನ್ನು ತುಸು ಹೆಚ್ಚಿಸಿಕೊಂಡು ಓಡಿಸುತ್ತೇವೆ. ದಿನವಿಡೀ ಮಣ್ಣಿನ ದಾರಿಯಲ್ಲಿ ಹೋದರೂ ಹೊದಿಕೆ ಕೊಡವಬೇಕಾಗಿಲ್ಲ.

ತೂಕದ ಅಂದಾಜಿನಲ್ಲಿ ನಾವು ಸೋತೆವು. ನೀರು, ಬಟ್ಟೆ, ಉಪಕರಣ ಎಲ್ಲ ಸೇರಿ ಬಾಡಿ 3.1 ಟನ್ ಎಂದು ಬರೆದುಕೊಂಡಿದ್ದೆವು. ತಕ್ಕಡಿಯ ಮೇಲೆ ಬಂದದ್ದು 3.74 ಟನ್. ಚಾಸಿಸ್ಸಿನ ಮಿತಿಯೊಳಗೇ ಇದ್ದೆವು ಎಂಬುದು ಸಮಾಧಾನ. ಚಕ್ರಚಕ್ರವನ್ನೂ ಬೇರೆ ಬೇರೆಯಾಗಿ ತೂಗಿಸಿದಾಗ ಎಡಬದಿ 180 ಕಿಲೋ ಹೆಚ್ಚು ತೂಗುತ್ತಿತ್ತು, ಏಕೆಂದರೆ ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ ಮೂರೂ ಒಂದೇ ಕಡೆ ಸೇರಿದ್ದವು. ಬ್ಯಾಟರಿಗಳನ್ನೂ ಉಪಕರಣದ ಪೆಟ್ಟಿಗೆಯನ್ನೂ ಬಲಕ್ಕೆ ಸಾಗಿಸಿದ ಮೇಲೆ ಓರೆ ದಾರಿಯಲ್ಲಿ ವಾಹನದ ನಡಿಗೆಯೇ ಬದಲಾಯಿತು. 300 ಲೀಟರ್ ನೀರನ್ನು ಎರಡು ಆಕ್ಸಲ್‌ಗಳ ನಡುವೆ, ನೆಲಮಟ್ಟದಲ್ಲಿಟ್ಟದ್ದು ಮಾತ್ರ ಮೊದಲ ದಿನದಿಂದಲೂ ಸರಿಯಾದ ನಿರ್ಧಾರವಾಗಿತ್ತು.

ಮರಗೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗುರವಾದ ಪ್ಲೈವುಡ್, ಒತ್ತಿದರೆ ಮಾತ್ರ ತೆರೆಯುವ ಚಿಲಕಗಳು, ಎರಡೂ ಬಾಳಿಕೆ ಬಂದಿವೆ. ವಿದ್ಯುತ್ತಿನದೂ ಹಾಗೆಯೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದಾದ್ದರಿಂದ ಅದನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ವಾಸದ ಜಾಗದೊಳಗೇ ಇಡಬೇಕೆಂಬುದಷ್ಟೇ ನೆನಪಿರಲಿ. ಹೀಟರಿನ ಬಗ್ಗೆ ಒಂದು ಮಾತು: 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 70ರಷ್ಟಕ್ಕೆ ಇಳಿಯುತ್ತದೆ, ಇಂಧನವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡುವ ವ್ಯವಸ್ಥೆ ಇಲ್ಲದ ಹೀಟರ್ ಅಲ್ಲಿ ಹೊಗೆಯುಗುಳಿ ನಿಂತುಹೋಗುತ್ತದೆ. ನಮ್ಮದೂ ಎರಡು ರಾತ್ರಿ ಹಾಗೆ ನಿಂತಿತು, ಬೇಕಾದ ಭಾಗವನ್ನು ಆಮೇಲೆ ಹಾಕಿಸಿದೆವು.

ಕಾರ್ಖಾನೆಯ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೇಳಿದ ದಿನಕ್ಕಿಂತ ಐದು ತಿಂಗಳು ತಡವಾಗಿ ಕೊಟ್ಟರು, ಗ್ರೀಸ್ ತೂತಿನ ತಪ್ಪನ್ನು ಒಪ್ಪಿಕೊಳ್ಳಲು ಎರಡು ಸಲ ಪತ್ರ ಬರೆಯಬೇಕಾಯಿತು. ಆದರೆ ಒಪ್ಪಿಕೊಂಡ ಮೇಲೆ ಬುಶ್ ಬದಲಿಸುವ ಕೂಲಿಯನ್ನು ಅವರೇ ಭರಿಸಿದರು. ಉಬ್ಬಿದ ಪ್ಯಾನೆಲ್ ನಮ್ಮ ನಕ್ಷೆಯ ತಪ್ಪಾಗಿದ್ದರೂ ಆ ಭಾಗವನ್ನು ಕತ್ತರಿಸಿ ಗಟ್ಟಿ ಹಲಗೆ ಕೂರಿಸಿ ಮುಚ್ಚುವ ವಿಧಾನವನ್ನು ಜತೆಗೆ ನಿಂತು ತೋರಿಸಿಕೊಟ್ಟರು. ಮುಂದಿನ ತಿಂಗಳು ಬಾಗಿಲಿನ ಚೌಕಟ್ಟನ್ನು ಉಷ್ಣತಡೆಯಿರುವುದಕ್ಕೆ ಬದಲಿಸಲು ವಾಹನ ಮತ್ತೆ ಅವರಲ್ಲಿಗೇ ಹೋಗುತ್ತಿದೆ, ಅದೇ ಸಮಯದಲ್ಲಿ ಮುಂದಿನ ಕೀಲನ್ನೂ ಬಿಚ್ಚಿಸಿ ಹೊಸ ಬುಶ್ ಎಷ್ಟು ಸವೆದಿದೆ ಎಂದು ಅಳೆಯಲಿದ್ದೇವೆ.